ಸಹಿ ಹಾಕುವ ಮುನ್ನ
ಕಾಸರಗೋಡಿನ ಕಡೆ ಅಡಿಕೆ ಕೊಯ್ಯುವ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ವಯಸ್ಸು 38, ತಿಂಗಳ ಸಂಪಾದನೆ 12,000 ರೂ. ಲಾರಿ ಬಡಿದು ಕಾಲು ಮುರಿಯಿತು. ಡಾಕ್ಟರರ ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ. 20. ವಿಮೆಯವರು ಅಷ್ಟನ್ನೇ ಹಿಡಿದು ರಾಜಿಗೆ ಕರೆಯುತ್ತಾರೆ. ಆದರೆ ಆ ಕಾಲಿನಲ್ಲಿ ಇನ್ನು ಮರ ಹತ್ತುವುದುಂಟೇ?

2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೇಳಿದ್ದೂ ಇದನ್ನೇ: ಊನದಿಂದ ದುಡಿಮೆ ಎಷ್ಟು ಕುಂದಿತು? ವರ್ಷದ 1,44,000 ರೂ.ಗಳನ್ನು ಆ ವಯಸ್ಸಿನ ಗುಣಕವಾದ 15ರಿಂದ ಗುಣಿಸಿ. ಶೇ. 20 ಎಂದರೆ 4,32,000 ರೂ. ದುಡಿಮೆಯ ನಷ್ಟ ಶೇ. 50 ಎಂದು ನ್ಯಾಯಮಂಡಳಿ ಒಪ್ಪಿದರೆ 10,80,000 ರೂ.! ಚಿಕಿತ್ಸೆ, ನೋವು, ಆರೈಕೆಯ ಬಾಬ್ತು ಬೇರೆ. (ಬಿಲ್ಲುಗಳನ್ನು ಒಲೆಗೆ ಹಾಕಬೇಡಿ.) ಯಾವ ಕೆಲಸ ಇನ್ನು ಆಗದು ಎಂಬುದಕ್ಕೆ ಡಾಕ್ಟರರಿಂದಲೂ ಕೆಲಸ ಕೊಟ್ಟವರಿಂದಲೂ ಸಾಕ್ಷಿ ಹೇಳಿಸಿ.