ವಾದ ಎದುರಾಳಿಗಷ್ಟೇ ಅಲ್ಲ

‘ವಾದದಿಂದ ಯಾರ ಮನಸ್ಸೂ ಬದಲಾಗದು, ಆದ್ದರಿಂದ ವಾದಿಸುವುದೇ ದಂಡ’ ಎಂದು ಅಂಕಣಕಾರರೊಬ್ಬರು ಬರೆದ ತೀರ್ಮಾನವನ್ನು ಒಪ್ಪಲಾಗದು. ಎದುರಾಳಿ ಸೋಲೊಪ್ಪಿಕೊಂಡರೆ ಮಾತ್ರ ವಾದ ಸಾರ್ಥಕ ಎಂದು ಅವರು ಭಾವಿಸಿದ್ದಾರೆ. ತಪ್ಪಿರುವುದು ಅಲ್ಲೇ.

ಕರಾವಳಿಯ ತಾಳಮದ್ದಳೆಯನ್ನು, ಅಂದರೆ ಯಕ್ಷಗಾನದ ಮಾತಿನ ಕೂಟವನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ ಪಾತ್ರಗಳ ಮಾತಾಡುವ ಅರ್ಥಧಾರಿಗಳು ಕುಳಿತಲ್ಲೇ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸಬೇಕು. ವಾಲಿವಧೆಯ ಪ್ರಸಂಗದಲ್ಲಿ ರಾಮನ ಬಾಣ ತಿಂದು ಬಿದ್ದ ವಾಲಿ ಕೇಳುತ್ತಾನೆ: ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಉತ್ತರವಾಗಿ ರಾಮ, ವಾಲಿ ತನ್ನ ತಮ್ಮನ ಹೆಂಡತಿಯನ್ನು ಕಸಿದುಕೊಂಡ ವಿಷಯ ಎತ್ತುತ್ತಾನೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಆದರೂ ಜನ ನಿದ್ದೆಗೆಟ್ಟು ಕೇಳುತ್ತಾರೆ. ತೂಗಿ ನೋಡುವ ಕೆಲಸ ಅವರದು. ವಾಲಿಯ ಮಾತು ಗಟ್ಟಿಯಾದಷ್ಟೂ ರಾಮನ ಉತ್ತರ ಆಳಕ್ಕಿಳಿಯಬೇಕಾಗುತ್ತದೆ. ಸಪ್ಪೆ ವಾಲಿಯ ಎದುರು ರಾಮನೂ ಸಪ್ಪೆಯೇ.

ವಾಗ್ವಾದವೆಲ್ಲ ಒಂದೇ ಬಗೆಯದಲ್ಲ. ತತ್ತ್ವ ತಿಳಿಯಲು ನಡೆಸುವ ವಾದ, ಗೆಲ್ಲಲು ನಡೆಸುವ ಜಲ್ಪ, ತನ್ನ ಪಕ್ಷವನ್ನೇ ಸ್ಥಾಪಿಸದೆ ಎದುರಿನವರದ್ದನ್ನು ಕೆಡಹುವ ವಿತಂಡ ಎಂದು ತರ್ಕದ ಪ್ರಾಚೀನ ಗ್ರಂಥ ನ್ಯಾಯಸೂತ್ರ ಎಂದೋ ಬೇರ್ಪಡಿಸಿದೆ. ಅಂಕಣದಲ್ಲಿರುವ ಟಿವಿ ಚರ್ಚೆಗಳ ಉದಾಹರಣೆಗಳೆಲ್ಲ ಕೊನೆಯ ಎರಡಕ್ಕೆ ಸೇರಿದವು. ಅವುಗಳ ಮೇಲೆ ನನಗೂ ಸಿಟ್ಟಿದೆ. ಆದರೆ ಆ ಸಿಟ್ಟಿಗೆ ವಾದವನ್ನೇ ಬಲಿಕೊಡುವುದು ಅನ್ಯಾಯ. ಎದುರಿನವರ ಮಾತನ್ನು ಅವರೇ ತಲೆದೂಗುವಂತೆ ಮೊದಲು ಹೇಳಿ, ಆಮೇಲೆ ಉತ್ತರಿಸುವುದು ಪೂರ್ವಪಕ್ಷದ ಶಿಸ್ತು. ಅಂಕಣದಲ್ಲಿ ಅದು ಕಾಣಲಿಲ್ಲ.

ಮಳೆಗಾಲದಲ್ಲಿ ದಕ್ಷಿಣ ಕನ್ನಡ, ಉಡುಪಿಯ ಊರೂರಲ್ಲಿ ತಾಳಮದ್ದಳೆ ನಡೆಯುತ್ತದೆ. ಅಂಕಣಕಾರರು ಒಂದು ಕೂಟದಲ್ಲಿ ಕೊನೆಯವರೆಗೆ ಕುಳಿತು ಕೇಳಲಿ. ಆಮೇಲೆ ಈ ವಿಷಯದ ಬಗ್ಗೆ ಮತ್ತೊಮ್ಮೆ ಬರೆಯಲಿ.