ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಒಂದು ಪುಟ

ನಾಲ್ಕನೆಯ ತರಗತಿಯ ಮಗು ಕಥೆ ಪುಸ್ತಕ ಹಿಡಿದು ಕೂತರೆ ಮನೆಯವರಿಗೆಲ್ಲ ಹಿಗ್ಗು. ಅದೇ ಮಗು ಎಂಟನೆಯ ತರಗತಿಗೆ ಬಂದು ಕಾದಂಬರಿ ಹಿಡಿದರೆ, ‘ಇದೇನು ಪರೀಕ್ಷೆಗೆ ಬರುತ್ತದೆಯೇ?’ ಎಂಬ ಪ್ರಶ್ನೆ. ಚಿಕ್ಕವರ ಪತ್ರಿಕೆ ಸಪ್ಪೆಯಾಗುವ, ದೊಡ್ಡವರದು ಇನ್ನೂ ಕೈಗೆಟುಕದ ವಯಸ್ಸು ಅದು. ಓದುವ ಹವ್ಯಾಸ ಕೈಬಿಡುವುದು ಸಾಮಾನ್ಯವಾಗಿ ಅಲ್ಲಿಯೇ. 1949ರಿಂದ ದಶಕಗಳ ಕಾಲ ಕನ್ನಡದ ಮನೆಗಳಿಗೆ ಬಂದ ‘ಚಂದಮಾಮ’ ಈಗಿಲ್ಲ. ಇದ್ದಿದ್ದರೂ ಹದಿನಾಲ್ಕರ ಹುಡುಗನಿಗೆ ಅದೊಂದೇ ಸಾಲುತ್ತಿರಲಿಲ್ಲ.

ಹಾಗಾದರೆ ಈ ವಯಸ್ಸಿನವರಿಗಾಗಿ ಓದಿನ ಕುರಿತೇ ಒಂದು ಪತ್ರಿಕೆ ಹೇಗಿರಬೇಕು? ಪಟ್ಟಣದ ಕಡೆ ನೋಡುವುದು ಬೇಡ. ಗದಗ ಜಿಲ್ಲೆಯ ಸೂಡಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿಯಿದೆ, ಕೆತ್ತನೆಯ ಕಲ್ಲಿನ ನಾಗಕುಂಡವಿದೆ, ಶಾಸನಗಳೂ ದೊರೆತಿವೆ. ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಆಳಿದ ಕಿಸುಕಾಡು ನಾಡು ಇದು. ಅದೇ ನಾಡಿನ ಸಯ್ಯಡಿಯವನಾದ ದುರ್ಗಸಿಂಹ 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಆ ಸಯ್ಯಡಿ ರೋಣದ ಸಮೀಪದ ಇಂದಿನ ಸವಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪಂಚತಂತ್ರವಾದರೂ ಏನು? ಓದಿನಲ್ಲಿ ಮನಸ್ಸಿಲ್ಲದ ರಾಜಕುಮಾರರಿಗೆ ಕಥೆಯ ದಾರಿಯಿಂದ ಬುದ್ಧಿ ಕಲಿಸಿದ ಪುಸ್ತಕ. ನಮ್ಮ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ.

ಇಂಥ ಊರಿನ ಶಾಲೆಯೊಂದು ಪತ್ರಿಕೆ ತರುವುದಾದರೆ ಹದಿನಾರು ಪುಟ ಸಾಕು. ನಾಲ್ಕು ‘ಎ-4’ ಹಾಳೆಗಳನ್ನು ಮಧ್ಯಕ್ಕೆ ಮಡಿಸಿ ಹೊಲಿದರೆ ಹದಿನಾರು ಪುಟವಾಗುತ್ತದೆ. ವಿದ್ಯಾರ್ಥಿಗಳೇ, ಬರೆಯುವ ಮುನ್ನ ಒಂದು ಲೆಕ್ಕ ನೆನಪಿಡಿ: ಹಾಳೆಯ ಒಂದೇ ಮಗ್ಗುಲಲ್ಲಿ ಬರುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ 17 ಬರಬೇಕು. 1ರ ಪಕ್ಕ 16, 2ರ ಪಕ್ಕ 15. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ನಮ್ಮ ಲಿಪಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ; ಇಕ್ಕಟ್ಟಾದರೆ ಒಂದನ್ನೊಂದು ತುಳಿಯುತ್ತವೆ. ಕೈಬರಹದ ಒಂದು ಪ್ರತಿಯಿಂದ ಝೆರಾಕ್ಸ್ ತೆಗೆಸಿದರೆ ತರಗತಿಗೆಲ್ಲ ಆಯಿತು.

ಇನ್ನು ಒಳಗೇನಿರಬೇಕು? ‘ಪುಸ್ತಕವೇ ಮಿತ್ರ’ ಎಂಬ ಪ್ರಬಂಧ ಖಂಡಿತ ಬೇಡ. ಮೊದಲ ಪುಟಗಳಲ್ಲಿ ಒಂದೇ ಪುಸ್ತಕದ ಬಗ್ಗೆ ಇಬ್ಬರ ಅಭಿಪ್ರಾಯ ಎದುರುಬದುರಾಗಿ ಬರಲಿ. ತೇಜಸ್ವಿಯವರ ‘ಕರ್ವಾಲೊ’ವನ್ನೇ ಕೊಡಿ. ಹಾರುವ ಓತಿಯ ಬೆನ್ನು ಹತ್ತಿದ ಆ ಕಥೆ ಒಬ್ಬಳಿಗೆ ನಿದ್ದೆಗೆಡಿಸಿರಬಹುದು, ಇನ್ನೊಬ್ಬನಿಗೆ ನಿಧಾನ ಎನಿಸಿರಬಹುದು. ಇಬ್ಬರೂ ಕಾರಣ ಕೊಡಲಿ. ನಂತರ ‘ಅರ್ಧಕ್ಕೆ ಬಿಟ್ಟ ಪುಸ್ತಕ’ ಎಂಬ ಪುಟ: ಎಷ್ಟನೆಯ ಪುಟಕ್ಕೆ ಬಿಟ್ಟೆ, ಏಕೆ ಬಿಟ್ಟೆ? ಮತ್ತೊಂದು ಪುಟ ಊರಿನ ಕಲ್ಲಿಗೆ. ಶಾಸನದಲ್ಲಿ ಯಾರು, ಯಾರಿಗೆ, ಏನು ಕೊಟ್ಟರು ಎಂಬುದನ್ನು ಬಲ್ಲವರಿಂದ ಕೇಳಿ ಬರೆಯಿರಿ. ಕಲ್ಲು ಓದುವುದೂ ಓದೇ. ಇನ್ನೊಂದು ಪುಟ ಮನೆಯವರಿಗೆ. ಅಕ್ಷರ ಬಾರದ ಅಜ್ಜಿಗೆ ಒಂದು ಕಥೆ ಓದಿ ಹೇಳಿ, ಅವಳು ಅದನ್ನು ಎಲ್ಲಿ ತಿದ್ದಿದಳು ಎಂಬುದನ್ನು ದಾಖಲಿಸಿ. ಕೊನೆಯ ಪುಟದಲ್ಲಿ, ಹೆಸರಿಸಿದ ಪುಸ್ತಕಗಳು ಎಲ್ಲಿ ಸಿಗುತ್ತವೆ ಎಂಬ ಪಟ್ಟಿ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಸಿಗದ ಪುಸ್ತಕದ ಹೊಗಳಿಕೆ ಓದಿ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಶಿಕ್ಷಕರಲ್ಲಿ ಒಂದು ಮಾತು. ಕಾಗುಣಿತ ತಿದ್ದಿ, ಅಭಿಪ್ರಾಯ ತಿದ್ದಬೇಡಿ. ಅಂಕ ಬೇಡ, ಬಹುಮಾನವೂ ಬೇಡ. ಅಂಕ ಬಂದ ಕೂಡಲೇ ಮಗು ತನಗನಿಸಿದ್ದನ್ನು ಬಿಟ್ಟು ನಿಮಗೆ ಹಿಡಿಸುವುದನ್ನು ಬರೆಯುತ್ತದೆ. ಹದಿನಾಲ್ಕರ ವಯಸ್ಸಿನವರು ಓದು ಬಿಡುವುದು ಸೋಮಾರಿತನದಿಂದ ಮಾತ್ರವಲ್ಲ. ಅಲ್ಲಿಯವರೆಗೆ ನಾವು ಅವರನ್ನು ‘ಏನು ಓದಿದೆ?’ ಎಂದು ಕೇಳಿರುತ್ತೇವೆ, ‘ನಿನಗೇನನ್ನಿಸಿತು?’ ಎಂದು ಕೇಳಿರುವುದಿಲ್ಲ. ಆ ಎರಡನೆಯ ಪ್ರಶ್ನೆಗೆ ಜಾಗ ಕೊಡುವುದೇ ಈ ಹದಿನಾರು ಪುಟಗಳ ಕೆಲಸ.

ಪಾಲಕರೇ, ಮಗಳು ‘ಈ ಪುಸ್ತಕ ಚೆನ್ನಾಗಿಲ್ಲ’ ಎಂದು ಬರೆದು ತಂದರೆ ಬೇಸರಪಡಬೇಡಿ. ಓದದೆ ಹಾಗೆ ಬರೆಯಲಾಗುವುದಿಲ್ಲ. ಆ ಪುಸ್ತಕವನ್ನು ನೀವೂ ತಂದು ಓದಿ. ಮುಂದಿನ ಸಂಚಿಕೆಯಲ್ಲಿ ಅವಳ ಎದುರಿನ ಪುಟ ನಿಮ್ಮದಾಗಲಿ.