ಕರಾಟೆ ಕಲಿಸುತ್ತೇವೆ, ಕರಾಟೆಯ ಕಥೆ?

ಜೂಡೋ ಕಟ್ಟಿದ ಜಿಗೊರೊ ಕಾನೊ ನಮ್ಮಂಥದೇ ಒಂದು ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಟೋಕಿಯೊದ ಉನ್ನತ ಶಿಕ್ಷಕರ ತರಬೇತಿ ಶಾಲೆಯನ್ನು ಅವರು ನಡುವೆ ಬಿಟ್ಟೂ ಹಿಡಿದೂ 20ಕ್ಕೂ ಹೆಚ್ಚು ವರ್ಷ ನಡೆಸಿದರು. ಒಕಿನಾವಾ ದ್ವೀಪದ ಕರಾಟೆಯನ್ನು 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದ ಗಿಚಿನ್ ಫುನಕೋಶಿ ಶಾಲಾ ಮೇಷ್ಟ್ರು. ಬಿ.ಎಡ್. ಓದುವ ನಮಗೆ ಫ್ರೋಬೆಲ್, ಮಾಂಟೆಸ್ಸರಿ, ಡ್ಯೂಯಿ ಪರಿಚಯವಾಗುತ್ತಾರೆ. ಇವರಿಬ್ಬರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅದೇ ಡ್ಯೂಯಿ 1919ರಲ್ಲಿ ಜಪಾನಿಗೆ ಹೋದಾಗ ಜೂಡೋ ಅಭ್ಯಾಸ ನೋಡಿ, ಮನೆಗೆ ಬರೆದ ಪತ್ರದಲ್ಲಿ ಅದನ್ನು ಮೆಚ್ಚಿಕೊಂಡಿದ್ದರು.

ಇದನ್ನೆಲ್ಲ ಹೇಳಲು ಕಾರಣವಿದೆ. ನಾನು ಇಂಟರ್ನ್‌ಶಿಪ್ ಮಾಡಿದ ಪ್ರೌಢಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಗಾಗಿ ಕರಾಟೆ ತರಬೇತಿ ನಡೆಯುತ್ತಿತ್ತು. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಮಕ್ಕಳು ಜಪಾನಿ ಭಾಷೆಯಲ್ಲಿ ಒಂದರಿಂದ ಹತ್ತು ಎಣಿಸುತ್ತಾರೆ, ತಲೆ ಬಾಗಿಸಿ ನಮಸ್ಕರಿಸುತ್ತಾರೆ. ಯಾರಿಗೆ, ಏಕೆ ಎಂದು ಕೇಳಿದರೆ ಗೊತ್ತಿಲ್ಲ. ಒಂಬತ್ತನೇ ತರಗತಿಯ ಒಬ್ಬಳು ಮಾತ್ರ ಧೈರ್ಯವಾಗಿ, "ಸರ್, ಕರಾಟೆ ಕಂಡುಹಿಡಿದದ್ದು ನಮ್ಮ ಬೋಧಿಧರ್ಮ" ಎಂದಳು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. 2011ರ 'ಏಳಾಂ ಅರಿವು' ಎಂಬ ತಮಿಳು ಚಿತ್ರ ಮತ್ತು ಅದರ ತುಣುಕುಗಳ ಪ್ರಭಾವ ಇದು. ಪ್ರಾರ್ಥನಾ ಸಭೆಯಲ್ಲಿ ದೊಡ್ಡವರೂ ಹೀಗೆ ಭಾಷಣ ಮಾಡುವುದನ್ನು ಕೇಳಿದ್ದೇನೆ.

ಕಥೆ ಚೆನ್ನಾಗಿದೆ, ನಮಗೆ ಹೆಮ್ಮೆಯನ್ನೂ ತರುತ್ತದೆ. ಆದರೆ ಬೋಧಿಧರ್ಮರಿಗೆ ಅಂಟಿಸಿರುವ ವ್ಯಾಯಾಮ ಗ್ರಂಥ 17ನೇ ಶತಮಾನದ್ದು, ಅವರ ಕಾಲಕ್ಕಿಂತ ಸಾವಿರ ವರ್ಷ ಈಚಿನದು. ಕರಾಟೆಯನ್ನು ಶಾಲೆಯ ಅಂಗಳಕ್ಕೆ ತಂದವರು ಒಕಿನಾವಾದ ಆಂಕೊ ಇತೊಸು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಅವರು ಕಲಿಸತೊಡಗಿದರು. ಚಿಕ್ಕ ಮಕ್ಕಳಿಗೆ ಹಳೆಯ ವರಸೆಗಳು ಕಷ್ಟವೆಂದು 'ಪಿನಾನ್' ಎಂಬ ಐದು ಸರಳ ವರಸೆಗಳನ್ನು ರೂಪಿಸಿದರು. ಪಾಠವನ್ನು ಮಕ್ಕಳ ಮಟ್ಟಕ್ಕೆ ಇಳಿಸುವುದು ಎಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತೇವಲ್ಲ, ಅದೇ ಇದು. 1908ರಲ್ಲಿ ಅವರು ಶಿಕ್ಷಣ ಇಲಾಖೆಗೆ ಬರೆದ ಹತ್ತು ಅಂಶಗಳ ಪತ್ರ ಉಳಿದಿದೆ. ಅದರ ಆರಂಭದಲ್ಲೇ, ಕರಾಟೆ ಬೌದ್ಧ ಧರ್ಮದಿಂದಾಗಲಿ ಕನ್‌ಫ್ಯೂಷಿಯಸ್ ಮತದಿಂದಾಗಲಿ ಬಂದದ್ದಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಪಟದ ಮುಂದೆ ಬಾಗಿ, ಪಟದಲ್ಲಿದ್ದವರು ಬರೆದದ್ದನ್ನು ಓದದಿದ್ದರೆ ಅದು ಎಂಥ ಗೌರವ?

ನನ್ನ ಮಾರ್ಗದರ್ಶಕರೊಬ್ಬರು ಈ ವಿಷಯವಿದ್ದ ಪಾಠಯೋಜನೆಯ ಮೇಲೆ "ಪಠ್ಯಕ್ಕೆ ಹೊರತು" ಎಂದು ಕೆಂಪು ಶಾಯಿಯಲ್ಲಿ ಬರೆದರು. ವಿಜ್ಞಾನದ ಮೇಷ್ಟ್ರಿಗೆ ಇದೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಘಟಕಗಳು ಮುಗಿಯಬೇಕು, ಅವಧಿ ನಲವತ್ತು ನಿಮಿಷ. ಆದರೂ ನಾನು ಒಪ್ಪುವುದಿಲ್ಲ. ಜೂಡೋದಲ್ಲಿ ಎದುರಾಳಿಯನ್ನು ಎತ್ತುವ ಮೊದಲು ಅವನ ಸಮತೋಲ ಕೆಡಿಸಬೇಕು. ದೇಹದ ಗುರುತ್ವ ಕೇಂದ್ರದಿಂದ ಇಳಿದ ಲಂಬರೇಖೆ ಪಾದಗಳ ನಡುವಿನ ಜಾಗದಿಂದ ಆಚೆ ಹೋದರೆ ದೊಡ್ಡ ಆಳೂ ಸಣ್ಣ ತಳ್ಳಿಗೆ ಉರುಳುತ್ತಾನೆ. ತರಗತಿಯಲ್ಲಿ ಯಾರನ್ನೂ ಕೆಡವಬೇಕಿಲ್ಲ: ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು, ಮಂಡಿ ಮಡಚದೆ ಕಾಲ್ಬೆರಳು ಮುಟ್ಟಲು ಹೇಳಿ. ಮುಗ್ಗರಿಸಿ ನಗುವ ಮಕ್ಕಳಿಗೆ ಆಗ ಕಾನೊ ಅವರ ಹೆಸರು ಹೇಳಲು ಎರಡು ನಿಮಿಷ ಸಾಕು. ಶಕ್ತಿಯನ್ನು ಪೋಲು ಮಾಡದೆ ಸರಿಯಾಗಿ ಬಳಸುವುದೇ ಅವರ ಜೂಡೋದ ಮೂಲ ತತ್ವ. ಇದಕ್ಕಿಂತ ಒಳ್ಳೆಯ ಪೀಠಿಕೆ ನನಗಂತೂ ಸಿಕ್ಕಿಲ್ಲ.

ಇನ್ನು ನಮ್ಮದರ ಮಾತು. ಬೋಧಿಧರ್ಮರನ್ನು ಎಳೆದು ತರುವ ಅಗತ್ಯವೇ ನಮಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಅದು 12ನೇ ಶತಮಾನದ ಗ್ರಂಥ. ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು ಸಾಮು ಮಾಡಿ ಜಟ್ಟಿಯೊಡನೆ ಸೆಣಸುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿಟ್ಟಿದ್ದಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಇಂದಿಗೂ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ನೆತ್ತರು ಕಂಡ ಕೂಡಲೇ ನಿಲ್ಲುತ್ತದೆ. ಟಿ.ವಿ.ಯಲ್ಲಿ ನಾವು ಅದನ್ನು ಅರ್ಧ ನಿಮಿಷ ನೋಡುತ್ತೇವೆ. ಈ ಜಟ್ಟಿಗಳು ಮೂಳೆ ಕೂಡಿಸುವ ನಾಟಿ ವೈದ್ಯರೂ ಆಗಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು? ಉಳಿದವರಿಗೆ ಜಟ್ಟಿ ಎಂದರೆ ಮೀಸೆ ಮಣ್ಣಾಗದ ಗಾದೆಯಷ್ಟೇ.

ಒಕಿನಾವಾದಲ್ಲಿ 1945ರ ಯುದ್ಧ ಶುರಿಯ ಕೋಟೆಯನ್ನೂ ದಾಖಲೆಗಳನ್ನೂ ಸುಟ್ಟಿತು. ನಮ್ಮ ಗರಡಿಮನೆಗಳಿಗೆ ಬೆಂಕಿ ಬೇಕಿಲ್ಲ. ಉಸ್ತಾದರೊಬ್ಬರು ತೀರಿಕೊಂಡರೆ ಅವರಿಗೆ ಗೊತ್ತಿದ್ದ ಪಟ್ಟುಗಳ ಹೆಸರೂ ಹೋಗುತ್ತದೆ. ಇಲಾಖೆ ಬಂದು ಬರೆದುಕೊಳ್ಳಲಿ ಎಂದು ಕಾಯುವುದಕ್ಕಿಂತ ಎಂಟನೇ ತರಗತಿಯ ನಾಲ್ಕು ಮಕ್ಕಳು ಒಂದು ಫೋನು ಹಿಡಿದು ಹೋಗುವುದು ಸುಲಭ. ಮಟ್ಟಿಗೆ ಮಣ್ಣು ಎಲ್ಲಿಂದ ತರುತ್ತಿದ್ದಿರಿ, ಅದಕ್ಕೆ ಏನೇನು ಬೆರೆಸುತ್ತಿದ್ದಿರಿ, ನಿಮಗೆ ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಕೇಳಿದರೆ ಒಂದು ಯೋಜನಾ ಕಾರ್ಯ ಆಯಿತು. ಮುಂದಿನ ಬ್ಯಾಚಿಗೆ ಇಂಟರ್ನ್‌ಶಿಪ್ ಶಾಲೆಗಳ ಪಟ್ಟಿ ಕೊಡುವಾಗ, ಆಯಾ ಶಾಲೆಗೆ ಹತ್ತಿರವಿರುವ ಗರಡಿಯ ಹೆಸರನ್ನೂ ಪಕ್ಕದಲ್ಲಿ ಬರೆದುಕೊಡಬೇಕೆಂದು ಕಾಲೇಜಿನಲ್ಲಿ ನನ್ನ ವಿನಂತಿ.